ಹೋಳಿಗೆ ಬಡಿಸಿ ಗೆದ್ದ ರಗ್ಬಿ ಪಂದ್ಯ

ಖಾನಾವಳಿ ನಡೆಸುವವನ ಕಣ್ಣು ಜನರ ಮುಖದವರೆಗೆ ಏರುವುದೇ ಇಲ್ಲ, ತಾಟಿನ ಮಟ್ಟದಲ್ಲೇ ನಿಂತುಬಿಡುತ್ತದೆ. ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಗಳ ನಡುವೆ ಇಪ್ಪತ್ತೆರಡು ವರ್ಷಗಳಿಂದ ನಾನೂ ನನ್ನ ಹೆಂಡತಿ ಶಾರದಾಳೂ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದೇವೆ. ಅವಳು ಬಡಿಯುತ್ತಾಳೆ, ನಾನು ಬಡಿಸುತ್ತೇನೆ. ದಿನವೂ ಬರುವ ಗಿರಾಕಿ ರಸ್ತೆಯಲ್ಲಿ ಸಿಕ್ಕು ನಮಸ್ಕಾರ ಮಾಡಿದರೆ ನನಗೆ ಗುರುತು ಹತ್ತುವುದಿಲ್ಲ. ಅವನೇ ಮಧ್ಯಾಹ್ನ ಬಂದು ಕೂತು, ಎಣ್ಣೆಗಾಯಿಯ ಬದನೆಯನ್ನು ಬದಿಗೆ ಸರಿಸಿ ಬರೀ ರಸ ಹಚ್ಚಿಕೊಂಡನೋ, 'ಓಹೋ, ಲೇಥ್ ಮಷೀನಿನ ಮಲ್ಲಪ್ಪ' ಎಂದು ತಟ್ಟನೆ ತಿಳಿಯುತ್ತದೆ. ಇದು ದೋಷವೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದವಳು ನನ್ನ ಮಗಳು ಕಸ್ತೂರಿ, ಅದೂ ಮೈದಾನದ ನಡುವೆ, ಎರಡು ತಂಡಗಳ ಎದುರಿಗೆ.

ಕಸ್ತೂರಿ ರಗ್ಬಿ ಆಡುತ್ತಾಳೆ. ವಿಜಯಪುರದ ಕಡೆಯ ನಮ್ಮ ನೆಂಟರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಮುಗಿದಿದೆ. ಚೆಂಡು ದುಂಡಗಿಲ್ಲ, ತುದಿ ಚೂಪು. ಓಡುವುದು ಮುಂದಕ್ಕೆ, ಕೈಯಿಂದ ಎಸೆಯುವುದು ಮಾತ್ರ ಹಿಂದಕ್ಕೆ. ಚೆಂಡು ಹಿಡಿದವಳನ್ನು ಕೆಡವಬಹುದು, ಕೆಡವಿದವರಿಗೆ ಚಪ್ಪಾಳೆ ಕೂಡ. ಎರಡೂ ಕಡೆಯವರು ತಲೆ ತಗ್ಗಿಸಿ ಟಗರುಗಳ ಹಾಗೆ ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್ಮಿನಲ್ಲಿ ಮೊದಲ ಸಾಲಿಗೆ ನಿಲ್ಲುವವಳು ನನ್ನ ಮಗಳು. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಅವಳು ಹೇಳಿ ಗೊತ್ತು. ಕಾಲೇಜಿನಿಂದ ಹಿಡಿದು ಆರು ವರ್ಷ ಅವಳ ಪ್ರತಿಯೊಂದು ಪಂದ್ಯಕ್ಕೂ ನಾನು ಹೋಗಿದ್ದೇನೆ. ಬುಟ್ಟಿ, ಡಬ್ಬಿ, ತುಪ್ಪದ ಗಿಂಡಿ ಸಮೇತ ಹೋಗಿ, ಬೇವಿನ ಗಿಡದ ಕೆಳಗೆ ಆಟಕ್ಕೆ ಬೆನ್ನು ಮಾಡಿ ಕೂತು, ಮುಗಿದ ಮೇಲೆ ಹುಡುಗಿಯರಿಗೆ ಬಡಿಸಲು ತಯಾರಿ ನಡೆಸುತ್ತಿದ್ದೆ. ಗದ್ದಲ ಕೇಳಿದಾಗ ಒಂದು ಸಲ ತಿರುಗಿ ನೋಡುವುದೂ ಉಂಟು, ಚಟ್ನಿ ಚೆಲ್ಲದಿದ್ದರೆ.

ಕಳೆದ ವರ್ಷ ಹೊರದೇಶದ ಒಂದು ಕ್ಲಬ್ಬಿನವರು ಆಟಗಾರ್ತಿಯರನ್ನು ಹುಡುಕುತ್ತ ಪುಣೆಗೆ ಬಂದರು. ಆಯ್ಕೆಯಾದರೆ ಎರಡು ವರ್ಷದ ಕರಾರು, ಸಂಬಳ, ಇರಲು ಮನೆ. ಆಟವೇ ನೌಕರಿ. ಶನಿವಾರ ಒಂದು ಪಂದ್ಯ, ಭಾನುವಾರ ಒಂದು. ಎರಡನ್ನೂ ನೋಡಿ ಒಬ್ಬಳನ್ನು ಆರಿಸುತ್ತೇವೆ ಎಂದರು. ಇಪ್ಪತ್ಮೂರು ದಾಟಿದ ಕಸ್ತೂರಿಗೆ ಇಂಥ ಅವಕಾಶ ಮತ್ತೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಶಾರದಾ ಹಿಂದಿನ ದಿನವೇ ನೂರು ಶೇಂಗಾ ಹೋಳಿಗೆ ಮಾಡಿದಳು.

ಎದುರಾಳಿಗಳು ಕೊಲ್ಹಾಪುರದ ಹುಡುಗಿಯರು. ಅವರ ಬಸ್ಸು ಊರಂಚಿನ ಕಾತ್ರಜದ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡಿತ್ತಂತೆ. ಇಳಿದವರ ಮುಖ ಬಾಡಿತ್ತು. ಹೊಟ್ಟೆಗೆ ಏನೂ ಇರಲಿಲ್ಲ. ಅವರ ಕೋಚು ಕಾಗದಪತ್ರಕ್ಕೆಂದು ಆಫೀಸಿಗೆ ಹೋದ. ನಾನು ಹೇಗೆ ಸುಮ್ಮನಿರಲಿ? ತಾಟು ಹಾಕಿದೆ. 'ಪುರೇ ಕಾಕಾ, ಪುರೇ' ಎಂದು ಅವರು ಮರಾಠಿಯಲ್ಲಿ ಸಾಕೆನ್ನತೊಡಗಿದರು. ನಮ್ಮ ಕಡೆ ಮೊದಲ ಮೂರು 'ಸಾಕು' ಲೆಕ್ಕಕ್ಕಿಲ್ಲ, ಅದು ಬರೀ ಮರ್ಯಾದೆ. ನಾಲ್ಕನೆಯದು ಬಂದರೆ ಅರ್ಧ ಬಡಿಸಬೇಕು. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, ಅಳು ಬರುವಂತಾದರೆ ಆಗ ನಿಜವಾಗಿ ಸಾಕಾಗಿದೆ ಎಂದು ಅರ್ಥ. ಈ ನಿಯಮ ಆ ಮಕ್ಕಳಿಗೆ ತಿಳಿದಿರಲಿಲ್ಲ. ಒಬ್ಬೊಬ್ಬಳಿಗೂ ಐದು ಹೋಳಿಗೆ, ಮೇಲೆ ಧಾರಾಳ ತುಪ್ಪ. ಆಯ್ಕೆ ಮಾಡಲು ಬಂದ ವಿದೇಶಿ ಹೆಂಗಸು ಅತ್ತ ಹಾದು ಹೋಗುತ್ತಿದ್ದರು, ಅವರನ್ನೂ ಬಿಡಲಿಲ್ಲ.

ಪಂದ್ಯ ಶುರುವಾಯಿತು. ನಮ್ಮ ತಂಡಕ್ಕೆ ಆಟದ ಮುಂಚೆ ಉಣ್ಣಬಾರದೆಂಬ ಕಟ್ಟಪ್ಪಣೆ ಇತ್ತು. ಕೊಲ್ಹಾಪುರದವರು ತುಂಬು ಹೊಟ್ಟೆಯಲ್ಲಿ ಮದುವೆಗೆ ಬಂದವರಂತೆ ನಿಧಾನವಾಗಿ ಓಡಾಡಿದರು. ಒಬ್ಬಳು ಕೆಳಗೆ ಬಿದ್ದವಳು ಏಳುವುದಕ್ಕೇ ಮನಸ್ಸು ಮಾಡಲಿಲ್ಲ. ನಲವತ್ತೆಂಟಕ್ಕೆ ಸೊನ್ನೆ! ನಾನು ಗಿಂಡಿ ಹಿಡಿದುಕೊಂಡೇ ಮೈದಾನದ ನಡುವೆ ಹೋಗಿ ಕುಣಿದೆ. ಆಗ ಕಸ್ತೂರಿ ಕೆಸರು ಮೆತ್ತಿದ ಮುಖದಲ್ಲಿ ನೇರ ನನ್ನ ಹತ್ತಿರ ಬಂದಳು.

"ಅಪ್ಪಾ, ಅವರನ್ನ ನಾ ಸೋಲಿಸಿಲ್ಲ. ನಿನ್ನ ಹೋಳಿಗಿ ಸೋಲಿಸ್ಯಾವ. ಈ ಆಟ ನೋಡಿ ಏನೂ ತಿಳಿಯೋದಿಲ್ಲ, ಇದನ್ನ ಲೆಕ್ಕಕ್ಕ ಹಿಡಿಯೋದಿಲ್ಲ ಅಂತ ಆ ಮೇಡಂ ಅಂದ್ರು."

"ಹಸಿದು ಬಂದಿದ್ರವ್ವಾ..." ಎಂದೆ.

"ನಿನಗ ಬರೇ ತಾಟು ಕಾಣತದ. ಆರು ವರ್ಷ ಆತು, ನಾ ಆಡೋದನ್ನ ಒಮ್ಮೆರ ನೋಡೀಯೇನು?"

ಗಿಂಡಿಯನ್ನು ಬುಟ್ಟಿಗೆ ಸೇರಿಸಿದೆ. ಮನೆಗೆ ಬಂದು ನೋಡಿದರೆ ಶಾರದಾ ಮಗಳ ಪರವಾಗಿಯೇ ನಿಂತಿದ್ದಳು. "ನೋಡ್ರಿ, ನಾಳೆ ಬುಟ್ಟಿ ಮುಟ್ಟಬ್ಯಾಡ್ರಿ. ಕೈ ಬೀಸಿಕೊಂಡು ಹೋಗ್ರಿ, ಕಣ್ಣು ತಗೊಂಡು ಹೋಗ್ರಿ" ಎಂದಳು. ನಾನು ತಲೆಯಾಡಿಸಿದೆ. ಮಗಳ ಬಾಯಿಗೆ ಬಂದ ತುತ್ತನ್ನು ನಾನೇ ಕಸಿದುಕೊಂಡೆನಲ್ಲ ಎನ್ನಿಸಿತು.

ಭಾನುವಾರ ಬರಿಗೈಯಲ್ಲಿ ಹೋದೆ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯದೆ ಕೊನೆಗೆ ಅವುಗಳ ಮೇಲೇ ಕೂತುಕೊಂಡೆ. ಕೊಲ್ಹಾಪುರದವರು ಬಾಳೆಹಣ್ಣು ತಿಂದು, ನನ್ನನ್ನು ದುರುಗುಟ್ಟಿ ನೋಡಿ, ಮೈದಾನಕ್ಕಿಳಿದರು. ಮೈಯಲ್ಲಿ ಕಿಡಿ ಇತ್ತು. ಕಸ್ತೂರಿಯನ್ನು ಮೊದಲ ಸಲ ಕೆಡವಿದಾಗ ಕೂತಲ್ಲಿಂದ ಎದ್ದು ನಿಂತೆ. ಹೀಗೆ ಬೀಳುತ್ತಾಳೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಬಿಡುತ್ತಿದ್ದೆನೋ ಇಲ್ಲವೋ! ಆದರೆ ಅವಳು ಬಿದ್ದಷ್ಟೇ ಬೇಗ ಎದ್ದಳು. ಮೂಗಿನ ರಕ್ತ ತೋಳಿಗೆ ಒರೆಸಿಕೊಂಡು ಮತ್ತೆ ಹೆಗಲು ಕೊಟ್ಟಳು. ಅವಳು ತಳ್ಳಿದಾಗ ಎದುರಿನ ಸಾಲು ಒಂದು ಹೆಜ್ಜೆ ಹಿಂದೆ ಸರಿಯುವುದು ನನಗೂ ಕಾಣತೊಡಗಿತು. ಕೊನೆಯ ಎರಡು ನಿಮಿಷ, ನಮ್ಮವರು ಮೂರು ಅಂಕ ಹಿಂದೆ. ಚೆಂಡು ಕಸ್ತೂರಿಯ ಕೈಗೆ ಬಂತು. ಒಬ್ಬಳು ಸೊಂಟಕ್ಕೆ ಜೋತುಬಿದ್ದಳು, ಇನ್ನೊಬ್ಬಳು ಕಾಲು ಹಿಡಿದಳು. ನನ್ನ ಮಗಳು ಇಬ್ಬರನ್ನೂ ಎಳೆದುಕೊಂಡು ಗೆರೆಯತ್ತ ಹೋದಳು. ಮುಗ್ಗರಿಸಿದಳು, ಕೈ ಚಾಚಿದಳು, ಚೆಂಡನ್ನು ಗೆರೆಯಾಚೆ ನೆಲಕ್ಕೆ ಒತ್ತಿದಳು. ಐದು ಅಂಕ! ಎರಡು ಅಂಕದಿಂದ ಗೆದ್ದೆವು. ನಾನು ಏನು ಕೂಗಿದೆನೋ ನೆನಪಿಲ್ಲ. ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯಿತೆಂದು ಪಕ್ಕದಲ್ಲಿದ್ದವರು ಹೇಳಿದರು. ಮುಖ ತುಂಬ ಕಣ್ಣೀರು. ಸಂತೋಷಕ್ಕೆ ಅಳುವುದು ಇಷ್ಟು ಸುಲಭವೆಂದು ಆವತ್ತೇ ತಿಳಿದದ್ದು.

ವಿದೇಶಿ ಮೇಡಂ ಕಸ್ತೂರಿಯ ಕೈ ಕುಲುಕಿದರು. ಅಲ್ಲೇ ಬೆಂಚಿನ ಮೇಲೆ ಕಾಗದ ಇಟ್ಟು ಸಹಿ ಹಾಕಿಸಿದರು. ಸೋತ ಹುಡುಗಿಯರೂ ಬಂದು ಅವಳನ್ನು ಎತ್ತಿ ಕುಣಿಸಿದರು. ಕಸ್ತೂರಿ ನನ್ನ ಎದುರು ನಿಂತು, "ನೋಡಿದೇನಪ್ಪಾ?" ಎಂದಳು. "ನೋಡಿದ್ನವ್ವಾ, ಪೂರಾ ನೋಡಿದೆ" ಎಂದೆ. ಭೋಸರಿಯಲ್ಲಿ ಅವತ್ತು ನಮ್ಮ ಖಾನಾವಳಿಗೆ ಬಂದವರೆಲ್ಲರಿಗೂ ಈ ಸುದ್ದಿಯನ್ನು ಬೇಕೋ ಬೇಡವೋ ಕೇಳದೆ ಹೇಳಿದೆ.

ಈಗ ಅವಳು ಹೋಗಿ ಐದು ತಿಂಗಳಾಯಿತು. ನಾನು ಮೊಬೈಲಿನಲ್ಲಿ ಅವಳ ಆಟಗಳನ್ನೆಲ್ಲ ನೋಡುತ್ತೇನೆ. ರೆಫರಿಯ ತಪ್ಪುಗಳನ್ನು ಲೇಥ್ ಮಷೀನಿನ ಮಲ್ಲಪ್ಪನಿಗೆ ವಿವರಿಸುವಷ್ಟು ಪರಿಣತನಾಗಿದ್ದೇನೆ. ವಾರಕ್ಕೊಮ್ಮೆ ಅವಳ ಫೋನು ಬರುತ್ತದೆ. ಮೊನ್ನೆ ಬಂದಾಗ ಎಂದಿನಂತೆ, "ಎಡಗಡೆ ಯಾಕ ಅಷ್ಟು ಜಾಗ ಬಿಟ್ಟಿ? ಎರಡನೇ ಸ್ಕ್ರಮ್ಮಿನ್ಯಾಗ ಸೊಂಟ ಯಾಕ ಮ್ಯಾಲೆ ಎತ್ತಿದಿ?" ಎಂದು ಶುರು ಮಾಡಿದೆ.

"ಅಪ್ಪಾ," ಎಂದಳು, "ತಿಂಗಳ ಮ್ಯಾಲಾತು. ಊಟ ಆತೇನವ್ವಾ ಅಂತ ನೀ ಒಮ್ಮೆನೂ ಕೇಳಿಲ್ಲ."

ಕೂಡಲೇ ಕೇಳಿದೆ. ಅವಳು ಸಣ್ಣ ಹುಡುಗಿಯ ಹಾಗೆ ಒಂದೊಂದಾಗಿ ಹೇಳತೊಡಗಿದಳು, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಎಂಥದೋ ಸಪ್ಪೆ ಸೊಪ್ಪು. ನಾನು ಹೂಂ ಹೂಂ ಎನ್ನುತ್ತಿದ್ದೆ. ಆದರೆ ಸುಳ್ಳು ಹೇಳಲಾರೆ, ಆಕೆಯ ಊಟದ ಪಟ್ಟಿ ಬೇಗ ಮುಗಿದರೆ ಸ್ಕ್ರಮ್ಮಿನ ಮಾತಿಗೆ ಬರಬಹುದಲ್ಲ ಎಂದು ಕಾಯುತ್ತಿದ್ದೆ.