ಜಿಂಕೆ ಕಾಸಿನ ಬೆನ್ನು ಹತ್ತಿ

ಕಿಸೆಯಲ್ಲಿ ಭೂತಗನ್ನಡಿ ಇಟ್ಟುಕೊಂಡು ಓಡಾಡುವವನಿಗೆ ಎಲ್ಲಿ ಹೋದರೂ ಒಂದಲ್ಲ ಒಂದು ಫಜೀತಿ ಕಾದಿರುತ್ತದೆ. ನಾನು ಮೈಸೂರಿನವನು, ದೋಹಾದಲ್ಲಿ ಎಂಜಿನಿಯರ್. ಜನ ಚಿಲ್ಲರೆಯನ್ನು ನೋಡದೆ ಜೇಬಿಗೆ ಹಾಕಿಕೊಂಡರೆ, ನಾನು ಎರಡೂ ಮಗ್ಗುಲು ತಿರುಗಿಸಿ ನೋಡದೆ ಬಿಡುವವನಲ್ಲ. ಹಳೆಯ ಮುದ್ರೆ, ಅಪರೂಪದ ಇಸವಿ, ಪಕ್ಕದ ದೇಶದಿಂದ ದಾರಿ ತಪ್ಪಿ ಬಂದ ಸ್ಮರಣಾರ್ಥ ನಾಣ್ಯ, ಏನು ಸಿಕ್ಕೀತೋ ಯಾರಿಗೆ ಗೊತ್ತು! ಹೆಂಡತಿ ನನ್ನನ್ನು 'ಚಿಲ್ಲರೆ ಮನುಷ್ಯ' ಅನ್ನುತ್ತಾಳೆ. ಅನ್ನಲಿ ಬಿಡಿ.

ನನಗೆ ಮುಖ್ಯವಾಗಿ ಬೇಕಾಗಿದ್ದದ್ದು ಒಂದೇ ಒಂದು. ಹಿಂದೆ ಒಂದು ಕಾಲದಲ್ಲಿ ಕತಾರ್ ಮತ್ತು ದುಬೈ ಸೇರಿ ನಾಣ್ಯ ಹೊರಡಿಸಿದ್ದವು. ಅದರ ಮೇಲೆ ಮುದ್ದಾದ ಜಿಂಕೆ. ಈಗ ಅದು ಚಲಾವಣೆಯಲ್ಲಿಲ್ಲ. ದುಡ್ಡು ಕೊಟ್ಟರೆ ಹಳೇ ನಾಣ್ಯ ಮಾರುವವರ ಹತ್ತಿರ ಸಿಗುತ್ತದೆ, ಆದರೆ ಚಿಲ್ಲರೆಯಲ್ಲೇ ಸಿಗಬೇಕು ಅನ್ನುವುದು ನನ್ನ ಹಠ. ಅಲ್ ವಕ್ರಾದಲ್ಲಿರುವ ಬೆಂಗಳೂರಿನ ಗೆಳೆಯರೊಬ್ಬರಿಗೂ ಇದೇ ಹುಚ್ಚು. "ಚಿಲ್ಲರೇಲಿ ಜಿಂಕೆನಾ? ಕನಸು ಕಾಣಿ ಸಾರ್" ಎಂದು ಸಿಕ್ಕಾಗಲೆಲ್ಲ ಗಹಗಹಿಸಿ ನಗುತ್ತಿದ್ದರು. ಆ ನಗುವನ್ನು ಹೇಗಾದರೂ ನಿಲ್ಲಿಸಬೇಕಿತ್ತು ನನಗೆ!

ಚಹಾದಂಗಡಿಯ ಅನುಕಂಪ

ಇಲ್ಲಿ ಈಗ ಎಲ್ಲರೂ ಕಾರ್ಡ್ ಮುಟ್ಟಿಸಿ ಹೋಗುವವರೇ. ನಾಣ್ಯ ಸಿಗುವುದೇ ಕಷ್ಟ. ಆಫೀಸಿನ ಹತ್ತಿರದ ಕರಕ್ ಚಹಾದಂಗಡಿಯಲ್ಲಿ ನಾನು ದಿನವೂ ಒಂದು ರಿಯಾಲಿನ ನೋಟು ಕೊಟ್ಟು "ಇದಕ್ಕೆ ಕಾಯಿನ್ ಕೊಡಿ" ಅನ್ನುತ್ತಿದ್ದೆ. ಕೊಟ್ಟದ್ದನ್ನು ಭೂತಗನ್ನಡಿಯಲ್ಲಿ ನೋಡಿ "ಇದು ಬೇಡ, ಬೇರೆ ಕೊಡಿ" ಅನ್ನುತ್ತಿದ್ದೆ. ಅಂಗಡಿಯ ಮಲಯಾಳಿ ಮಾಲೀಕ ಪಾಪ, ಕೊಡುತ್ತಿದ್ದ.

ಒಂದು ದಿನ ಅವನು ಚಹಾಕ್ಕೆ ದುಡ್ಡೇ ತೆಗೆದುಕೊಳ್ಳಲಿಲ್ಲ. ಮರುದಿನ ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಪಿಸುಗುಟ್ಟಿದ, "ಸಾರ್, ಬೇಜಾರು ಮಾಡ್ಕೋಬೇಡಿ. ಚಿಲ್ಲರೆಗೂ ಇಷ್ಟು ಪರದಾಡ್ತಿದ್ದೀರಿ, ನೋಡೋಕಾಗ್ತಿಲ್ಲ. ಇವರ ಕಂಪನೀಲಿ ಒಂದು ಕೆಲಸ ಖಾಲಿ ಇದೆ." ಅಲ್ಲಿ ಟೈ ಕಟ್ಟಿದ ಒಬ್ಬರು ನಿಂತಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಆದರೂ ಕುತೂಹಲಕ್ಕೆ ಸಂಬಳ ಎಷ್ಟು ಅಂತ ವಿಚಾರಿಸಿದೆ. ನನ್ನದಕ್ಕಿಂತ ಜಾಸ್ತಿ ಇತ್ತು.

ಹುಣಸೆಹಣ್ಣಿನ ಅಭ್ಯಂಜನ

ನಾಣ್ಯ ಸಂಗ್ರಹಿಸುವವರ ಮೊದಲ ಪಾಠ: ಹಳೆಯ ನಾಣ್ಯವನ್ನು ಉಜ್ಜಬಾರದು. ಆ ಮಸುಕೇ ಅದರ ಮರ್ಯಾದೆ. ಈ ಪಾಠವನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ.

ಒಂದು ಹಬ್ಬದ ಹಿಂದಿನ ದಿನ ಆಫೀಸಿನಿಂದ ಬಂದರೆ ದೇವರ ದೀಪ, ಹರಿವಾಣ, ಪಂಚಪಾತ್ರೆ ಎಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಫಳಫಳ ಹೊಳೆಯುತ್ತಿದ್ದವು. ಅವುಗಳ ಪಕ್ಕದಲ್ಲೇ ಕತಾರಿನ ನನ್ನ ಹಳೆಯ ಕಂಚಿನ ಐದು ದಿರ್ಹಮ್ ನಾಣ್ಯಗಳೂ ಸಾಲಾಗಿ ಹೊಳೆಯುತ್ತಿದ್ದವು!

"ಅಯ್ಯೋ, ಏನೇ ಮಾಡಿದೆ?"

"ಹುಣಸೆಹಣ್ಣು ಹಾಕಿ ತಿಕ್ಕಿದೆ ರೀ. ಹೇಗೂ ಕೈ ಒದ್ದೆ ಆಗಿತ್ತು. ಎಷ್ಟು ಕೊಳೆ ಅಂತೀರಿ! ಇಷ್ಟು ಗಲೀಜು ಕಾಸನ್ನ ಡಬ್ಬೀಲಿಟ್ಟು ಪೂಜೆ ಮಾಡ್ತಿದ್ರಲ್ಲ."

ಮೇಜಿನ ಮುಂದೆ ತಲೆ ಹಿಡಿದುಕೊಂಡು ಕೂತೆ. ಅವಳು ಹತ್ತಿರ ಬಂದು ಸಮಾಧಾನ ಹೇಳಿದಳು, "ಥ್ಯಾಂಕ್ಸ್ ಎಲ್ಲ ಬೇಡ ಬಿಡಿ ರೀ, ಬೆಳ್ಳಿಯವನ್ನೂ ನಾಳೆ ತಿಕ್ಕಿ ಕೊಡ್ತೀನಿ."

ಅಕ್ಕಿ ಮೂಟೆಯ ಮೇಲಿನ ಅಧಿಕಾರಿ

ನಾವಿರುವ ಬಿನ್ ಒಮ್ರಾನ್ ಬಡಾವಣೆಯಲ್ಲಿ ಮಂಗಳೂರು ಕಡೆಯ ಬ್ಯಾರಿಯೊಬ್ಬರ ದಿನಸಿ ಅಂಗಡಿಯಿದೆ. ಅವರ ಹತ್ತಿರ ಚಿಲ್ಲರೆ ತುಂಬಿದ ಹಾಲಿನಪುಡಿ ಡಬ್ಬಿ ಇತ್ತು. "ಒಮ್ಮೆ ನೋಡಲಾ ಕಾಕಾ?" ಅಂದೆ. "ನೋಡಿ ಮಾರಾಯ್ರೆ, ಅದಕ್ಕೆಂತ" ಅಂದರು.

ಅಕ್ಕಿ ಮೂಟೆಯ ಮೇಲೆ ಕೂತು, ಭೂತಗನ್ನಡಿ ಹಿಡಿದು ಒಂದೊಂದೇ ನಾಣ್ಯ ನೋಡತೊಡಗಿದೆ. ಕತ್ತಿನಲ್ಲಿ ಆಫೀಸಿನ ಐಡಿ ಕಾರ್ಡ್ ಬೇರೆ. ಬಂದ ಗಿರಾಕಿಗಳು ಒಳಗೆ ಇಣುಕಿ, ತಪಾಸಣೆಗೆ ಯಾರೋ ಬಂದಿದ್ದಾರೆ ಅಂದುಕೊಂಡು ಹಾಗೇ ಹಿಂದೆ ಸರಿದರು. ಪಕ್ಕದ ಅಂಗಡಿಯವನಂತೂ ಗಡಿಬಿಡಿಯಲ್ಲಿ ತನ್ನ ಹಳೇ ಬ್ರೆಡ್ಡನ್ನೆಲ್ಲ ಒಳಗೆ ಸಾಗಿಸಿದ.

ದೋಣಿ, ಖರ್ಜೂರದ ಮರ, ಮತ್ತೆ ದೋಣಿ... ಡಬ್ಬಿಯ ತಳದಲ್ಲಿ ಜಿಂಕೆ! ಮೂಟೆಯಿಂದ ಜಿಗಿದೆದ್ದೆ.

"ಕಾಕಾ, ಇದು ನನಗೆ ಬೇಕು. ಎಷ್ಟಾದ್ರೂ ಕೇಳಿ!"

ಅವರು ಕನ್ನಡಕ ಸರಿಮಾಡಿಕೊಂಡು ನೋಡಿ ನಿಟ್ಟುಸಿರುಬಿಟ್ಟರು. "ಇದಾ? ಇದನ್ನು ಯಾರಿಗಾದ್ರೂ ದಾಟಿಸುವ ಅಂತ ನಾನು ಯಾವ ಕಾಲದಿಂದ ಒದ್ದಾಡ್ತಾ ಇದ್ದೇನೆ ಮಾರಾಯ್ರೆ! ತಕ್ಕೊಂಡು ಹೋಗಿ. ಖಲಾಸ್. ವಾಪಸ್ ಮಾತ್ರ ತರಬೇಡಿ."

ಮುಡಿಪು

ಅಲ್ ವಕ್ರಾದ ಗೆಳೆಯರಿಗೆ ಕೂಡಲೇ ಫೋನ್ ಮಾಡಿದೆ. ಅವರ ನಗು ಟಪ್ಪನೆ ನಿಂತಿತು. "ಶುಕ್ರವಾರ ಬಂದು ಕಣ್ಣಾರೆ ನೋಡ್ತೀನಿ" ಅಂದರು.

ಅಲ್ಲಿಯವರೆಗೆ ಜಿಂಕೆಯನ್ನು ಹುಣಸೆಹಣ್ಣಿನಿಂದ ಕಾಪಾಡಬೇಕಲ್ಲ! ಹೆಂಡತಿಗೆ ತೋರಿಸಲೇ ಇಲ್ಲ. ಕಾಗದದಲ್ಲಿ ಸುತ್ತಿ ಮೊದಲು ಶೂ ಒಳಗಿಟ್ಟೆ, ಆಮೇಲೆ ಸೂಟ್‌ಕೇಸಿನಲ್ಲಿ, ಆಮೇಲೆ ಇನ್ನೆಲ್ಲೋ. ಗುರುವಾರ ಸಂಜೆ ಹುಡುಕಿದರೆ ಆ 'ಇನ್ನೆಲ್ಲೋ' ಎಲ್ಲಿ ಅನ್ನುವುದೇ ಮರೆತುಹೋಗಿತ್ತು. ಹಾಸಿಗೆ ಎತ್ತಿದೆ, ಬೇಳೆ ಡಬ್ಬ ಸುರಿದೆ, ಕಾರಿನ ಸೀಟು ಕಳಚಿದೆ. ಇಲ್ಲಿನವರು ಅನ್ನುವಂತೆ ಜಿಂಕೆ 'ಮಾಫಿ', ಇಲ್ಲವೇ ಇಲ್ಲ!

ಕೊನೆಗೆ ಎಲ್ಲ ಬಾಯಿಬಿಟ್ಟ ನನ್ನ ಮುಖ ನೋಡಿ ಹೆಂಡತಿಗೆ ಕರುಳು ಚುರುಕ್ ಅಂದಿರಬೇಕು. "ತಿಮ್ಮಪ್ಪನಿಗೆ ಮುಡಿಪು ಕಟ್ಟಿದೀನಿ ರೀ. ನಿಮ್ಮ ಜಿಂಕೆ ಕಾಸು ಸಿಗಲಿ, ಇದನ್ನ ತಂದು ನಿನ್ನ ಹುಂಡಿಗೆ ಹಾಕ್ತೀವಿ ಅಂತ ಹರಸ್ಕೊಂಡಿದೀನಿ" ಎಂದು ಅರಿಶಿನ ಬಟ್ಟೆಯ ಗಂಟು ತೋರಿಸಿದಳು. ನಿಜಕ್ಕೂ ಕಣ್ಣು ಒದ್ದೆಯಾಯಿತು ನನಗೆ.

"ಅಲ್ಲಾ, ಮನೇಲಿ ಇರೋ ನಾಣ್ಯವೆಲ್ಲ ನನ್ನ ಡಬ್ಬೀಲೇ ಇದೆ, ಒಂದೂ ಕದಲಿಲ್ಲ. ಕಟ್ಟೋಕೆ ಕಾಸು ಎಲ್ಲಿತ್ತು ನಿನಗೆ?"

"ಅದೇ ವಿಚಿತ್ರ ರೀ! ಕಾಸಿಲ್ಲವಲ್ಲಪ್ಪಾ ಅಂತ ಕೈ ಮುಗಿದೆ. ತಿಮ್ಮಪ್ಪನ ಫೋಟೋ ಹಿಂದೇನೇ ಕಾಗದದಲ್ಲಿ ಸುತ್ತಿ ಒಂದು ಇತ್ತು. ಅವನೇ ಕೊಟ್ಟ."

ಆಗ ನೆನಪಾಯಿತು, ಆ 'ಇನ್ನೆಲ್ಲೋ'!

"ಲೇ, ಅದರ ಮೇಲೆ ಜಿಂಕೆ ಇತ್ತಾ?"

"ಮುಡಿಪು ಕಟ್ಟೋವಾಗ ಯಾರು ಕಾಸು ನೋಡ್ತಾರೆ? ದೇವರನ್ನ ನೋಡ್ತಾರೆ."

ಬಿಚ್ಚಲು ಕೈ ಹಾಕಿದೆ. ಗಂಟನ್ನು ಎದೆಗೆ ಅವುಚಿಕೊಂಡಳು. ಕಟ್ಟಿದ ಮುಡಿಪು ಬಿಚ್ಚುವುದುಂಟೇ? ತೀರ್ಪಿಗಾಗಿ ಮೈಸೂರಿನ ನಮ್ಮತ್ತೆಗೆ ಫೋನ್ ಹೋಯಿತು. "ಬಿಚ್ಚೀರಿ ಜೋಕೆ!" ಅಂತ ಅಲ್ಲಿಂದಲೂ ಬಂತು.

ಶುಕ್ರವಾರ ಗೆಳೆಯರು ತಮ್ಮದೇ ಭೂತಗನ್ನಡಿ ಹಿಡಿದು ಬಂದರು. ಹೆಂಡತಿ ಅವರ ಮುಂದೆ ಗಂಟು ಹಿಡಿದು, "ಮೇಲಿಂದಾನೇ ಮುಟ್ಟಿ ನೋಡಿ, ಕೈ ಕಾಲು ತೊಳ್ಕೊಂಡು ಬನ್ನಿ" ಅಂದಳು. ಪಾಪ, ತೊಳೆದು ಬಂದು ಹಳದಿ ಬಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. "ಒಳಗೆ ಜಿಂಕೆ ಇದೆ ಅಂತೀರಿ?" ಅಂದರು. ಮೆಟ್ಟಿಲಿಳಿದು ಹೋಗುವಾಗ ಅವರ ಆ ಹಳೇ ನಗು ಮತ್ತೆ ಕೇಳಿಸಿತು.

ನಾನು ಕೊನೆಯ ಪ್ರಯತ್ನವಾಗಿ ಅಂಗಲಾಚಿದೆ. "ಬೇರೆ ನಾಣ್ಯ ಹಾಕೋಣ ಕಣೇ. ಬೇಕಾದರೆ ಬೆಳ್ಳೀದು."

"ಏನಂತ ಕೇಳ್ಕೊಂಡಿದ್ದೆ? ಜಿಂಕೆ ಕಾಸು ಸಿಗಲಿ ಅಂತ. ಸಿಕ್ತೋ ಇಲ್ವೋ?"

"ಸಿಕ್ತು."

"ಹರಕೆ ತೀರಿಸದೆ ಇಟ್ಕೊಂಡ್ರೆ ಮತ್ತೆ ಕಳೆದುಹೋಗತ್ತೆ, ನೋಡ್ತಿರಿ."

"ಹುಂಡಿಗೆ ಹಾಕಿದರೂ ಹೋದ ಹಾಗೇ ಅಲ್ಲವೇನೇ?"

"ಅದು ಹೇಗೆ? ಈ ಸಲ ಎಲ್ಲಿಟ್ಟಿದೀರಿ ಅಂತ ನಿಮಗೆ ನೆನಪಾದ್ರೂ ಇರತ್ತಲ್ಲ!"