ನಮ್ಮಕ್ಕನ ಹಕ್ಕಲು ಚೀಲ

ನಮ್ಮಕ್ಕನಂಥ ಆಸೆಬುರುಕಿ ಹೊಸದುರ್ಗ ತಾಲ್ಲೂಕಿನಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ, ಮೀಸೆ ಬೋಳಿಸಿಕೊಳ್ಳುತ್ತೇನೆ! ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ‘ದುರಾಸೆ’ ಅನ್ನುವ ಪದದ ಅರ್ಥವನ್ನು ಮೇಷ್ಟ್ರಿಗಿಂತ ಚೆನ್ನಾಗಿ ಕಲಿಸಿದವಳು ಅಕ್ಕನೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ.

ಶೇಂಗಾ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದ ಕಾಯಿಗೆ ನಮ್ಮಲ್ಲಿ ಹಕ್ಕಲು ಎನ್ನುತ್ತಾರೆ. ಅದನ್ನು ಯಾರು ಬೇಕಾದರೂ ಆಯ್ದುಕೊಳ್ಳಬಹುದು, ಹೊಲದವರು ಬೇಡ ಅನ್ನುವ ಹಾಗಿಲ್ಲ. ಇಲ್ಲದವರು ಆಯುತ್ತಾರೆ, ಸರಿ. ಬಾಗೂರಿನಲ್ಲಿ ನಾಲ್ಕೆಕರೆ ಸ್ವಂತ ಹೊಲ ಇಟ್ಟುಕೊಂಡ ಅಕ್ಕ ಯಾಕೆ ಆಯಬೇಕು? ಕೇಳಿದರೆ, “ಭೂಮ್ತಾಯಿ ಹೆತ್ತಿದ್ನ ಮಣ್ಣಾಗೇ ಬಿಟ್ಟು ಹೋಗಾಣ ಅಂತೀಯೇನಲೇ?” ಎಂದು ನನ್ನನ್ನೇ ಗದರುತ್ತಾಳೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಅವಳ ರಾಜ್ಯ ಹಿರಿಯೂರಿನವರೆಗೆ ಹಬ್ಬಿತು. ಹೊಳಲ್ಕೆರೆಯ ಮದುವೆಯೊಂದರಲ್ಲಿ ರೇಷ್ಮೆ ಸೀರೆ ಎತ್ತಿ ಕಟ್ಟಿ ಛತ್ರದ ಹಿಂದಿನ ಹೊಲಕ್ಕಿಳಿದಳು. ಮುಹೂರ್ತಕ್ಕೆ ಓಡಿಬಂದು ಅಕ್ಷತೆ ಹಾಕಿದರೆ, ವರನ ತಲೆ ಮೇಲೆ ಅಕ್ಕಿಯ ಜೊತೆ ಎರಡು ಶೇಂಗಾನೂ ಬಿದ್ದವು. ಅವನ್ನೂ ಬಗ್ಗಿ ಆಯ್ದುಕೊಂಡೇ ಕೆಳಗಿಳಿದಳು!

ಹೋದ ವರ್ಷ ಮಾಡದಕೆರೆಯ ನನ್ನ ಹೊಲದಲ್ಲಿ ಬೆಳೆ ಭರ್ಜರಿಯಾಗಿ ಬಂತು. ಕಾಯಿ ಕಿತ್ತ ದಿನವೇ, ನಾಳೆ ಅಕ್ಕ ಬರುತ್ತಾಳೆ ಎಂದು ಸುದ್ದಿ ಬಂತು. ತಕ್ಷಣ ಮಣ್ಣು ಸಡಿಲಾಗಲೆಂದು ಕುಂಟೆ ಹೊಡೆಸಿ, ನಾನೂ ನನ್ನ ಹೆಂಡತಿಯೂ ಮಂಡಿಯೂರಿ ಒಂದು ಕಾಯಿ ಬಿಡದಂತೆ ಆಯ್ದೆವು. ಸೊಂಟ ಹಿಡಿದುಕೊಂಡಿತು. ಆದರೇನು, ಅಕ್ಕನನ್ನು ಸೋಲಿಸುವುದು ಸಣ್ಣ ಮಾತೇ?

ಮಾರನೆಯ ದಿನ ಬೇವಿನ ಮರದ ಕೆಳಗೆ ಕೂತು ನಗು ತಡೆದುಕೊಂಡು ನೋಡಿದೆ. ಅಕ್ಕ ಹೊಲದ ಆ ತುದಿಯಿಂದ ಈ ತುದಿಯವರೆಗೆ ಕೆದಕಿದಳು. ಬರಿಗೈ. ಖಾಲಿ ಚೀಲ ಮಡಚಿಕೊಂಡು ಬಸ್ಸು ಹತ್ತಿದಳು.

ವಾರ ಬಿಟ್ಟು ಮತ್ತೆ ಬಂದಳು, ಈ ಸಲ ಸೀದಾ ನನ್ನ ಮನೆಗೆ. ತಲೆಯ ಮೇಲೆ ಚೀಲ. ಆ ವರ್ಷ ಊರೂರು ತಿರುಗಿ ಆಯ್ದ ಹಕ್ಕಲೆಲ್ಲ ಅದರಲ್ಲಿತ್ತು.

“ಹಕ್ಕಲಿಗೂ ಒಂದು ಕಾಯಿಲ್ಲ ಅಂದ್ರೆ, ಬೆಳೆ ಎಂಗೆ ಹೋಗೈತೆ ಅಂತ ನಂಗೆ ಗೊತ್ತಾಗಲ್ವೇನಪ್ಪ? ಹೇಳ್ಕಳಾಕೆ ನಾಚಿಕೆ ನಿಂಗೆ. ಇಟ್ಕ, ಬಿತ್ತಾಕೆ ಆಗ್ತೈತೆ.”

ಒಳಕೋಣೆಯಲ್ಲಿ ನನ್ನ ಮೂಟೆಗಳು ಸೂರು ಮುಟ್ಟಿದ್ದವು. ಮೆಲ್ಲಗೆ ಆ ಬಾಗಿಲು ಎಳೆದೆ. ಎರಡೂ ಕೈ ಚಾಚಿ ಚೀಲ ಇಸಿದುಕೊಂಡೆ.

ಬೀದಿಯವರೆಗೆ ಹೋದವಳು ತಿರುಗಿ ಬಂದಳು. “ಕಾಯಿ ಸುರುವ್ಕಂಡು ಚೀಲ ಕೊಡು. ಹಿರಿಯೂರು ಕಡೆ ಇನ್ನೂ ಎಲ್ಡು ಹೊಲ ಅವೆ.”

ಕೊಡವಿ ಕೊಟ್ಟೆ.

ಅಕ್ಕನಿಗೆ ಓದು ಬರುವುದಿಲ್ಲ, ಆ ಧೈರ್ಯದ ಮೇಲೆಯೇ ಇಷ್ಟು ಬರೆದೆ. ಬಾಗೂರಿನವರು ಯಾರಾದರೂ ಇದನ್ನು ಓದಿದ್ದರೆ, ಅವಳನ್ನು ಕೂರಿಸಿಕೊಂಡು ಒಮ್ಮೆ ಓದಿ ಹೇಳಿ.