ಅಂಬಾಸಿಡರಿಗೆ ಅತ್ತೆ ಹಾಕಿದ ಗಂಟು

ನಮ್ಮ ಅತ್ತೆಗೆ ಕಾರು ಬಿಡಲು ಬರುವುದಿಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿದರೆ ಊರು ಮುಟ್ಟುವವರೆಗೂ ಕಣ್ಣು ಮುಚ್ಚಿಕೊಂಡೇ ಇರುತ್ತಾರೆ. ಅಂಥವರು ಒಂದು ಹಳೆಯ ಅಂಬಾಸಿಡರಿನ ವೈರುಗಳನ್ನೆಲ್ಲ ಕಿತ್ತು, ಸಿಗಡಿ ಒಣಗಿಸುವ ಚಾಪೆಯ ಮೇಲೆ ಸಾಲಾಗಿ ಹರಡಿದರು ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಕಣ್ಣಾರೆ ಕಂಡ ನಾನೇ ಒಂದು ವಾರ ನಂಬಿರಲಿಲ್ಲ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಮನೆ ಹಂಗಾರಕಟ್ಟೆಯಲ್ಲಿ. ಹರಿದ ಬಲೆ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರು ಆ ಕಡೆ ಇಲ್ಲ. ಕಾರು ಮಾವನದು, ಕುಂದಾಪುರಕ್ಕೂ ಬೈಂದೂರಿಗೂ ನಡುವೆ ಮೂವತ್ತು ವರ್ಷ ಬಾಡಿಗೆಗೆ ಓಡಿಸಿದ್ದು. ಹೋದ ಮಳೆಗಾಲದಲ್ಲಿ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಮಾತು ಮರಳಬಹುದು, ಆದರೆ ಅವರೇ ಪ್ರಯತ್ನಪಡಬೇಕು, ಸುಮ್ಮನೆ ಬಿಟ್ಟರೆ ಹೀಗೇ ಉಳಿದುಬಿಡುತ್ತಾರೆ ಎಂದರು ಡಾಕ್ಟರು. ಮಾವ ಪ್ರಯತ್ನಪಡಲೇ ಇಲ್ಲ. ಜಗಲಿಯ ಕುರ್ಚಿಯಲ್ಲಿ ಕೂತು ಕಾರನ್ನು ನೋಡುತ್ತಿದ್ದರು, ಅಷ್ಟೆ. ಅವರನ್ನು ನೋಡಲು ಹೋಗುವ ನಾವೋ ಮಹಾ ಬುದ್ಧಿವಂತರು. "ಊಟ ಆಯ್ತಾ ಮಾವ?" ಎಂದು ಕೇಳಿ, "ಆಯ್ತ್, ಆಯ್ತ್" ಎಂದು ಉತ್ತರವನ್ನೂ ನಾವೇ ಕೊಟ್ಟು ಬರುತ್ತಿದ್ದೆವು.

ಆ ತಿಂಗಳುಗಳಲ್ಲಿ ಇಲಿಗಳು ಕಾರಿನೊಳಗೆ ಸಂಸಾರ ಹೂಡಿದ್ದವು. ಒಂದು ಭಾನುವಾರ ನಾನು ಕೀಲಿ ತಿರುಗಿಸಿದ್ದೇ ತಡ, ಸ್ಟೇರಿಂಗಿನ ಹಿಂದಿನಿಂದ ಹೊಗೆ ಎದ್ದಿತು. ಬ್ರಹ್ಮಾವರದಿಂದ ಬಂದ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ ತಲೆಯಾಡಿಸಿದ.

"ಇದ್ರಲ್ಲಿ ಎಂತದೂ ಉಳೀಲಿಲ್ಲೆ ಅಮ್ಮಾ. ಎಲ್ಲಾ ತೆಗ್ದ್ ಹೊಸ್ತ್ ಹಾಕ್ಕ್. ಎರಡ್ ದಿನದ್ ಕೆಲ್ಸ."

"ನಾನೇ ಹಾಕ್ತೆ," ಎಂದರು ಅತ್ತೆ.

"ನಿಮ್ಗ್ ಬತ್ತಾ?"

"ಬಲೆ ಕಟ್ಟುಕೆ ಬತ್ತಲ್ದಾ. ಇದೂ ನೂಲೇ. ಒಳ್ಗೆ ಕರೆಂಟ್ ಇತ್ತ್, ಅಷ್ಟೇ."

ಪಾಪ, ಅವನು ಹೋಗುವಾಗ ಮೂರು ಬುದ್ಧಿಮಾತು ಹೇಳಿದ. ಬ್ಯಾಟರಿ ಬಿಚ್ಚಿಟ್ಟೇ ಕೈ ಹಾಕಿ, ಪ್ರತಿ ವೈರಿಗೂ ಚೀಟಿ ಅಂಟಿಸಿ, ಬೇರೆ ಬೇರೆ ಬಣ್ಣದ ವೈರು ತನ್ನಿ. ಅತ್ತೆ ಮೊದಲನೆಯದನ್ನು ಮಾತ್ರ ಪಾಲಿಸಿದರು. ಹೊಸ ವೈರು ತಂದದ್ದು ಪೂರಾ ಕೆಂಪು, ಅದೇ ನೋಡಲು ಚಂದವಂತೆ. ಹಳೆಯ ವೈರನ್ನು ಬಲೆಯ ಹಗ್ಗದ ಹಾಗೆ ಎರಡೂ ಕೈ ಚಾಚಿ ಮಾರು ಲೆಕ್ಕದಲ್ಲಿ ಅಳೆದರು. ಚೀಟಿಯ ಬದಲು ಬಲೆಯ ನೂಲನ್ನು ಹಳೆಯ, ಹೊಸ ಎರಡೂ ವೈರಿನ ತುದಿಗೆ ಕಟ್ಟಿದರು. ದೀಪಕ್ಕೆ ಒಂದು ಗಂಟು, ಹಾರ್ನಿಗೆ ಎರಡು, ವೈಪರಿಗೆ ಮೂರು, ಬ್ರೇಕ್ ಲೈಟಿಗೆ ನಾಲ್ಕು.

"ಹತ್ತು ದಾಟಿದ್ರೆ ಎಂತ ಮಾಡ್ತ್ರಿ?" ಎಂದು ಕೆಣಕಿದೆ.

"ಹತ್ತಕ್ಕೆ ಒಂದ್ ದೊಡ್ಡ ಗಂಟ್," ಎಂದರು, ತಲೆ ಎತ್ತದೆ. ಕುಂದಾಪುರದ ಶಾಲೆಯಲ್ಲಿ ಗಣಿತ ಕಲಿಸುವ ನಾನು ಬಾಯಿ ಮುಚ್ಚಿಕೊಂಡೆ.

ಪ್ರತಿ ಭಾನುವಾರ ಪರೀಕ್ಷೆ. ಸ್ವಿಚ್ಚು ಒತ್ತುವ ಸಂಬಳವಿಲ್ಲದ ನೌಕರಿ ನನ್ನದು. ದೀಪ ಹಾಕಿದರೆ ವೈಪರು ಆಡಿತು. ಬ್ರೇಕ್ ತುಳಿದರೆ ಒಳಗಿನ ದೀಪ ಹತ್ತಿತು. ಮೂರನೆಯ ವಾರ ವೈಪರಿನ ಸ್ವಿಚ್ಚು ಎಳೆದೆ, ಹಾರ್ನು ಕೂಗಿಕೊಂಡಿತು. ಸ್ಕೂಟರಿನಲ್ಲಿ ಮೀನು ತರುವವನು ಬಂದನೆಂದು ಎದುರಿನ ಓಣಿಯಿಂದ ಮೂವರು ಹೆಂಗಸರು ಪಾತ್ರೆ ಹಿಡಿದು ಓಡಿ ಬಂದರು.

"ಇವತ್ತ್ ಎಂತ ಮೀನ್?" ಎಂದಳು ಒಬ್ಬಳು.

"ವೈಪರ್," ಎಂದೆ. ಅವಳು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಪ್ರತಿ ತಪ್ಪಿನ ನಂತರವೂ ಅತ್ತೆ ವೈರಿನ ತುದಿ ಹಿಡಿದು ಜಗಲಿಯ ಕೆಳಗೆ ನಿಲ್ಲುತ್ತಿದ್ದರು. "ಹ್ವಾಯ್, ಇದ್ ಎಲ್ಲಿಗ್ ಹೋಪ್ದ್? ಹೇಳಿ ಕಾಂಬ." ಮಾವ ಹೇಳುತ್ತಿರಲಿಲ್ಲ. ಒಂದು ಸಲ ಮಾತ್ರ ಅವರ ಎಡಗಾಲು ಕ್ಲಚ್ ತುಳಿದ ಹಾಗೆ ಅಲುಗಿತು.

ನನಗೆ ಸಿಟ್ಟು ಬರತೊಡಗಿತ್ತು. ಎರಡು ದಿನದ ಕೆಲಸಕ್ಕೆ ತಿಂಗಳಾಯಿತು. ಇದೆಂಥ ಹಟ? ಮಾವನ ಎದುರೇ ಅವರ ಕಾರನ್ನು ಹೀಗೆ ಹಾಳುಮಾಡುವುದು ಸರಿಯೇ? ಐದನೆಯ ಭಾನುವಾರ ಬೇಗನೆ ಹೋದೆ. ಅತ್ತೆ ಒಳಗೆ ಮಾವನಿಗೆ ಗಂಜಿ ಕುಡಿಸುತ್ತಿದ್ದರು. ನಾನೇ ಸರಿಮಾಡಿಬಿಡುತ್ತೇನೆಂದು ಬಾನೆಟ್ ಎತ್ತಿ, ಗಂಟುಗಳನ್ನು ಒಂದೊಂದಾಗಿ ಎಣಿಸಿದೆ. ಚಾಪೆಯ ಮೇಲಿನ ಹಳೆಯ ವೈರಿಗೂ ಹೊಸ ವೈರಿಗೂ ಗಂಟಿನ ಲೆಕ್ಕ ಒಂದೂ ತಪ್ಪಿರಲಿಲ್ಲ. ಇಡೀ ಕಾರಿನ ಕೆಲಸ ಅಚ್ಚುಕಟ್ಟಾಗಿತ್ತು. ಫ್ಯೂಸಿನ ಪೆಟ್ಟಿಗೆಯಲ್ಲಿ ಎರಡು ತುದಿಗಳು ಮಾತ್ರ ಅದಲುಬದಲಾಗಿದ್ದವು.

ಅತ್ತೆ ಬಂದು ನನ್ನ ಕೈ ಹಿಡಿದರು.

"ಮುಟ್ಬೇಡ."

"ಅತ್ತೆ, ಇದ್ ತಪ್ಪಿತ್ತ್."

"ನಂಗ್ ಗೊತ್ತಿತ್ತ್. ವಾರ ವಾರ ನಾನೇ ತಪ್ಸುದ್," ಎಂದರು ಮೆಲ್ಲಗೆ. "ಈ ಕಾರಿನ್ ಬಾಗ್ಲ್ ಜೋರ್ ಹಾಕ್ರೆ ಎರಡ್ ದಿನ ಬೈತಿದ್ದ್ ಗಂಡ್ಸ್ ಅವ್ರ್. ಎಷ್ಟ್ ದಿನ ಸುಮ್ನ್ ಕೂಕಂತ್ರ್ ಕಾಂಬ."

ನನಗೆ ನಾಚಿಕೆಯಾಯಿತು. ಅತ್ತೆಯನ್ನು ನೋಡಿ ತಿಂಗಳಿಡೀ ನಕ್ಕವನು ನಾನು. ಮಾವನ ಉತ್ತರಗಳನ್ನು ಕಸಿದುಕೊಂಡು ಹೋಗುತ್ತಿದ್ದವನೂ ನಾನೇ.

ಆ ದಿನ ಮಾವನನ್ನು ಕುರ್ಚಿಗೆ ತಂದು ಕೂರಿಸಿದ ಮೇಲೆ ಅತ್ತೆ ಬ್ಯಾಟರಿಯ ದಪ್ಪ ಕೆಂಪು ವೈರನ್ನು ಕೈಗೆತ್ತಿಕೊಂಡರು. ಕಪ್ಪು ವೈರನ್ನು ಆಗಲೇ ಪ್ಲಸ್ಸಿಗೆ ಸಿಕ್ಕಿಸಿದ್ದರು. ಮಾವನಿಗೆ ಕಾಣುವಂತೆ ಸ್ವಲ್ಪ ಸರಿದು ನಿಂತು, ಕೆಂಪನ್ನು ಮೈನಸ್ಸಿನ ಕಡೆಗೆ ಒಯ್ದರು. ಕೂಡಿಸಿದರೆ ತಿಂಗಳ ಕೆಲಸವೆಲ್ಲ ಸುಟ್ಟುಹೋಗುತ್ತದೆಂದು ನನಗೆ ಗೊತ್ತು, ಅತ್ತೆಗೂ ಗೊತ್ತು, ಎಲ್ಲರಿಗಿಂತ ಹೆಚ್ಚು ಮಾವನಿಗೆ ಗೊತ್ತು. ಅತ್ತೆಯ ಕೈ ನಿಲ್ಲಲಿಲ್ಲ. ಇನ್ನೊಂದು ಬೆರಳಿನಷ್ಟು ದೂರ.

"ಹೆ..."

ಇಬ್ಬರೂ ತಿರುಗಿದೆವು. ಮಾವನ ಎಡಗೈ ಕುರ್ಚಿಯಿಂದ ಮೇಲೆದ್ದಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು, ಹಣೆಯಲ್ಲಿ ಬೆವರು.

"ಹೆ... ಹೆಡ್ಡಿ."

ಅತ್ತೆ ವೈರನ್ನು ಜೋಪಾನವಾಗಿ ಕೆಳಗಿಟ್ಟರು. ಮಸಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಜಗಲಿ ಹತ್ತಿ, ಮಾವನ ಕಾಲ ಬಳಿ ಕೂತರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ನನ್ನ ಕಣ್ಣಿನಿಂದಲೂ.

"ಹ್ವಾಯ್," ಎಂದರು ಅತ್ತೆ, "ಇನ್ನೊಂದ್ ಸಲ ಹೇಳಿ."